ಅಂಗಳವೂ ಪಾಠಶಾಲೆಯೂ: ಕೃಷ್ಣಾ-ಘಟಪ್ರಭಾ ತೀರದ ನಾಲ್ಕು ತಾಲೂಕುಗಳನ್ನು ಮುಂದಿಟ್ಟು ಶಿಶುಶಿಕ್ಷಣ ನೀತಿಯ ಒಂದು ವಿಮರ್ಶೆ

ಶಾಸನದ ವಾಕ್ಯವನ್ನೂ ಕಾವ್ಯದ ವಾಕ್ಯದಷ್ಟೇ ಎಚ್ಚರದಿಂದ ಓದಬೇಕೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಅದು ವಿಚಿತ್ರವಾಗಿ ತೋರಬಹುದು. ಆದರೆ ಆರು ವರ್ಷದೊಳಗಿನ ಮಕ್ಕಳ ಶಿಕ್ಷಣ ಮತ್ತು ಪಾಲನೆಯನ್ನು ಸಾರ್ವತ್ರಿಕಗೊಳಿಸುವ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿರುವಾಗ, ಆ 'ಸಾರ್ವತ್ರಿಕ' ಎಂಬ ಪದದ ಅರ್ಥವ್ಯಾಪ್ತಿಯನ್ನು ಅಳೆಯಲು ಇದಕ್ಕಿಂತ ಬೇರೆ ದಾರಿ ಕಾಣದು. ಪ್ರಕೃತ ಲೇಖನದಲ್ಲಿ ಅಂಥ ಓದೊಂದನ್ನು ಪ್ರಯತ್ನಿಸಲಾಗಿದೆ. ಅಳತೆಗೋಲಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಜೀವನಕ್ರಮವನ್ನು ಇಟ್ಟುಕೊಂಡಿದೆ. ನೀತಿಪತ್ರಗಳು ರಾಜಧಾನಿಯಲ್ಲಿ ಬರೆಯಲ್ಪಡುತ್ತವೆ. ಅವುಗಳ ಅರ್ಥ ಮಾತ್ರ ಕಬ್ಬಿನ ಗದ್ದೆಯಲ್ಲಿ, ಮಗ್ಗದ ಕುಣಿಯ ಬದಿಯಲ್ಲಿ ನಿರ್ಣಯವಾಗುತ್ತದೆ.

ಮೊದಲು ಸಂವಿಧಾನದ ೪೫ನೆಯ ಅನುಚ್ಛೇದವನ್ನು ತೆಗೆದುಕೊಳ್ಳೋಣ. ೧೯೫೦ರಲ್ಲಿ ಅದರ ಪಾಠ, ಹತ್ತು ವರ್ಷಗಳ ಅವಧಿಯೊಳಗೆ ಎಲ್ಲ ಮಕ್ಕಳಿಗೂ ಹದಿನಾಲ್ಕು ವರ್ಷ ತುಂಬುವವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬ ಆಶಯದ್ದಾಗಿತ್ತು. ಇಲ್ಲಿ ಮೇಲಿನ ಮಿತಿ ಉಂಟು. ಕೆಳಗಿನ ಮಿತಿ ಇಲ್ಲ. ಮೂರು ವರ್ಷದ ಮಗುವನ್ನು ಆ ವಾಕ್ಯ ಹೊರಗಿಟ್ಟಿರಲಿಲ್ಲ. ೧೯೯೩ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿದಾಗಲೂ ಕೆಳಗಿನ ಗೆರೆ ಎಳೆದಿರಲಿಲ್ಲ. ಆ ಗೆರೆ ಬಿದ್ದದ್ದು ೨೦೦೨ರ ೮೬ನೆಯ ತಿದ್ದುಪಡಿಯಲ್ಲಿ. ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣ ೨೧-ಎ ಎಂಬ ಹೊಸ ಅನುಚ್ಛೇದದಲ್ಲಿ ಹಕ್ಕಿನ ಪೀಠವೇರಿತು. ಆರರೊಳಗಿನವರಿಗೆ ಹಳೆಯ ೪೫ರ ಜಾಗವಷ್ಟೇ ಉಳಿಯಿತು. ಅವರಿಗೆ ಪಾಲನೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು 'ಪ್ರಯತ್ನಿಸತಕ್ಕದ್ದು'. ಹಕ್ಕನ್ನು ವಿಸ್ತರಿಸಿದ ತಿದ್ದುಪಡಿಯೆಂದು ಪ್ರಶಂಸೆ ಪಡೆದ ಈ ಬದಲಾವಣೆಯು, ಸೂಕ್ಷ್ಮವಾಗಿ ನೋಡಿದರೆ, ಒಂದು ವಯೋವರ್ಗವನ್ನು ಹಕ್ಕಿನ ಚಾವಡಿಯಿಂದ ಕೆಳಗಿಳಿಸಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೧ನೆಯ ಪ್ರಕರಣ ಇನ್ನೂ ಮೆತ್ತಗಿದೆ: ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣಕ್ಕೆ ಸರಕಾರವು ಏರ್ಪಾಡು 'ಮಾಡಬಹುದು'. ಮಾಡಬಹುದೆಂದ ಮೇಲೆ ಮಾಡದೆಯೂ ಇರಬಹುದು.

ಇಷ್ಟರಲ್ಲಿಯೇ ಒಂದು ಆಕ್ಷೇಪ ಬರಬಹುದು. ಹಕ್ಕಿಲ್ಲದಿದ್ದರೇನು, ೧೯೭೫ರ ಅಕ್ಟೋಬರ ೨ರಿಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಡೆದುಕೊಂಡು ಬಂದಿಲ್ಲವೆ ಎಂದು. ದೇಶದ ೩೩ ಯೋಜನಾಕ್ಷೇತ್ರಗಳಲ್ಲಿ ಆರಂಭವಾದ ಈ ಕಾರ್ಯ ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಕಾಲೂರಿತು. ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಪ್ರಕರಣದಲ್ಲಿ ೨೦೦೬ರ ಡಿಸೆಂಬರದಲ್ಲಿ ಅದನ್ನು ಸಾರ್ವತ್ರಿಕಗೊಳಿಸಬೇಕೆಂದು ವಿಧಿಸಿ, ೧೪ ಲಕ್ಷ ಅಂಗನವಾಡಿಗಳ ಗುರಿಯನ್ನು ಇಟ್ಟಿತು. ಈ ಸಾಧನೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. ಇಂದು ನಾಲ್ಕೂ ತಾಲೂಕುಗಳಲ್ಲಿ ಅಂಗನವಾಡಿ ಎಂಬ ಶಬ್ದ ತಿಳಿಯದ ತಾಯಿ ಸಿಕ್ಕಲಾರಳು. ಆದರೂ ಆ ಆದೇಶದಲ್ಲಿ ಸಾರ್ವತ್ರಿಕತೆಯೆಂಬುದು ಬಹುಮಟ್ಟಿಗೆ ಕೇಂದ್ರಗಳ ಸಂಖ್ಯೆಯ ರೂಪವನ್ನು ತಾಳಿತು. ಇಂತಿಷ್ಟು ಜನಸಂಖ್ಯೆಗೆ ಒಂದು ಕೇಂದ್ರ. ಆ ಕೇಂದ್ರದ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಒಳಗೆ ಯಾರಿರಬೇಕು, ಯಾವ ನುಡಿಯಲ್ಲಿ ಮಾತನಾಡಬೇಕು ಎಂಬುವು ಆಮೇಲಿನ ಪ್ರಶ್ನೆಗಳಾಗಿಯೇ ಉಳಿದವು.

ಆ ಹೆಸರಿನ ಇತಿಹಾಸವೂ ಇಲ್ಲಿ ಪ್ರಸ್ತುತವೇ. ಮರಾಠಿಯ 'ಅಂಗಣ' ನಮ್ಮ ಅಂಗಳ. ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳಲ್ಲಿ ೧೯೪೮ರ ವಿಲೀನದವರೆಗೂ ಮರಾಠಿಯ ಪ್ರಭಾವಕ್ಕೆ ಒಳಗಾಗಿದ್ದ ಈ ಭಾಗಕ್ಕೆ ಆ ಶಬ್ದ ಹೊಸದಾಗಿರಲಿಕ್ಕಿಲ್ಲ. ೧೯೨೬ರಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದ ತಾರಾಬಾಯಿ ಮೋಡಕರು, ಮುಂದೆ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಡವರ ಮಕ್ಕಳು ಬಾಲವಾಡಿಗೆ ಬರಲಾರದೆ ಹೋದುದನ್ನು ಕಂಡು, ಬಾಲವಾಡಿಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ಕೋಸಬಾಡದ ಗುಡ್ಡದಲ್ಲಿ ೧೯೫೭ರಿಂದ ಅನುತಾಯಿ ವಾಘರೊಡನೆ ಅವರು ಬೆಳೆಸಿದ 'ವಿಕಾಸವಾಡಿ'ಯಲ್ಲಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಆವರಣದಲ್ಲಿದ್ದವು. ತಂಗಿಯನ್ನು ಎತ್ತಿಕೊಂಡು ಬಂದ ಅಕ್ಕ ಅವಳನ್ನು ಶಿಶುಗೃಹದಲ್ಲಿಟ್ಟು ತಾನು ಪಾಠಕ್ಕೆ ಕೂಡಬಹುದಾಗಿತ್ತು. ಪಾಲನೆ ಬೇರೆ, ಶಿಕ್ಷಣ ಬೇರೆ ಎಂಬ ಭೇದ ಆ ಕಲ್ಪನೆಯ ಮೂಲದಲ್ಲಿಯೇ ಇರಲಿಲ್ಲ. ನಮ್ಮ ಆಡಳಿತ ಆ ಹೆಸರನ್ನು ಉಳಿಸಿಕೊಂಡು ಭೇದವನ್ನು ತಾನು ಸೇರಿಸಿತು. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ರೋಗಿಗಳನ್ನು ಮುಂದಕ್ಕೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳಲ್ಲಿ ಶಿಕ್ಷಣವು ಒಂದು. ತೂಕದ ಪಟ್ಟಿ, ಧಾನ್ಯದ ಲೆಕ್ಕ, ಗರ್ಭಿಣಿಯರ ದಾಖಲೆ ಇವೆಲ್ಲ ಮುಗಿದ ಬಳಿಕ ಉಳಿದ ವೇಳೆಯೇ ಅದರ ಪಾಲು.

ಈಗ ನಾಲ್ಕು ತಾಲೂಕುಗಳ ಕಡೆಗೆ ತಿರುಗಬಹುದು. ರಬಕವಿ ಬನಹಟ್ಟಿಗಳು ನೇಕಾರರ ಊರುಗಳು. ಕೈಮಗ್ಗದ ಕಾಲ ಹಿಂದೆ ಸರಿದು ವಿದ್ಯುನ್ಮಗ್ಗ ಮನೆಯೊಳಗೇ ಬಂದು ನಿಂತಿದೆ. ಕೆಳಗಿನ ಕೋಣೆಯಲ್ಲಿ ಮಗ್ಗ, ಅದರ ಹಿಂದೆ ಅಡಿಗೆಮನೆ, ಮಧ್ಯದ ಇಕ್ಕಟ್ಟಿನಲ್ಲಿ ತೊಟ್ಟಿಲು. ಗಂಡಸು ಸೀರೆ ನೇಯುವಾಗ ಹೆಂಗಸು ಕಂಡಿಕೆ ಸುತ್ತುತ್ತಾಳೆ. ಅವಳ ಕೈ ಸುಮ್ಮನಾದರೆ ಅವನ ಮಗ್ಗ ನಿಲ್ಲುತ್ತದೆ. ಆದುದರಿಂದ ಕೂಸಿನ ಕಡೆಗೆ ತಿರುಗುವ ಕೈ ಅವಳಿಗೆ ಇಲ್ಲ. ತಾಯಿ ಮನೆಯಲ್ಲಿಯೇ ಇರುತ್ತಾಳೆಂಬ ಕಾರಣಕ್ಕೆ ಇಂಥ ಮನೆಯ ಮಗುವಿಗೆ ಪಾಲನೆಯ ಕೊರತೆ ಇಲ್ಲವೆಂದು ಲೆಕ್ಕಹಾಕುವ ನೀತಿ, ಮನೆಯೇ ಕಾರಖಾನೆಯಾಗಿರುವ ಸಂಗತಿಯನ್ನು ಅರಿಯದು. ೧೯೪೮ರ ಕಾರಖಾನೆ ಕಾಯಿದೆಯು ಮೊದಲು ೫೦ಕ್ಕೂ, ೧೯೭೬ರ ತಿದ್ದುಪಡಿಯ ಬಳಿಕ ೩೦ಕ್ಕೂ ಹೆಚ್ಚು ಸ್ತ್ರೀಯರು ದುಡಿಯುವಲ್ಲಿ ಶಿಶುಗೃಹ ಇರಲೇಬೇಕೆಂದು ವಿಧಿಸಿತ್ತು. ಒಂದು ಮನೆಯ ಮಗ್ಗ ಆ ಸಂಖ್ಯೆಯ ಸಮೀಪಕ್ಕೂ ಬರಲಾರದು. ೨೦೨೩ರಲ್ಲಿ ರಾಜ್ಯ ರೂಪಿಸಿದ 'ಕೂಸಿನ ಮನೆ'ಗಳ ಕಲ್ಪನೆ ನಿಜಕ್ಕೂ ಸ್ತುತ್ಯವಾದದ್ದು, ಹೆಸರಂತೂ ಅಚ್ಚಕನ್ನಡದ್ದು. ಆದರೆ ಅವು ಗ್ರಾಮ ಪಂಚಾಯತಿಯ ಆಶ್ರಯದಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಮುಂದಿಟ್ಟುಕೊಂಡು ಹುಟ್ಟಿದವು. ನಗರಸಭೆಯ ಎಲ್ಲೆಯಲ್ಲಿ ಕಂಡಿಕೆ ಸುತ್ತುವವಳು ಆ ಚಿತ್ರದಲ್ಲಿ ಬರುವುದಿಲ್ಲ.

ಈ ಸಂದರ್ಭದಲ್ಲಿ ಸ್ಕಾಟ್‌ಲೆಂಡಿನ ನ್ಯೂ ಲ್ಯಾನಾರ್ಕ್ ನೆನಪಾಗದಿರದು. ಕ್ಲೈಡ್ ನದಿಯ ದಂಡೆಯ ಆ ನೂಲಿನ ಗಿರಣಿಯೂರಿನಲ್ಲಿ ರಾಬರ್ಟ್ ಓವೆನ್ ೧೮೧೬ರಲ್ಲಿ ಶಿಶುಶಾಲೆಯನ್ನು ತೆರೆದ. ನಡೆಯಲು ಬಂದ ಕೂಸುಗಳು ಅಲ್ಲಿ ಆಡಿ ಹಾಡಿ ಕುಣಿಯುತ್ತಿದ್ದವು. ಪುಸ್ತಕಗಳಿಂದ ಅವನ್ನು ಪೀಡಿಸಬಾರದೆಂಬುದು ಓವೆನ್ನನ ನಿಲುವಾಗಿತ್ತು. ೧೯೦೭ರಲ್ಲಿ ರೋಮಿನ ಸಾನ್ ಲೊರೆಂಜೊ ಕೇರಿಯಲ್ಲಿ ಮರಿಯಾ ಮಾಂಟೆಸರಿ ತೆರೆದ ಮೊದಲ 'ಮಕ್ಕಳ ಮನೆ'ಯಾದರೂ ತಂದೆತಾಯಿ ಕೂಲಿಗೆ ಹೋದ ಬಳಿಕ ವಠಾರದಲ್ಲಿ ಒಂಟಿಯಾಗಿ ಉಳಿಯುತ್ತಿದ್ದ ಮಕ್ಕಳಿಗಾಗಿಯೇ ಹುಟ್ಟಿದ್ದು. ಅಂದರೆ ಶಿಶುಶಿಕ್ಷಣದ ಎರಡು ಶ್ರೇಷ್ಠ ಪ್ರಯೋಗಗಳು ದುಡಿಯುವ ತಾಯಿಯ ದಿನಚರಿಯಿಂದ ಹೊರಟವು. ಇಂದು ನಮ್ಮ ನಗರಗಳಲ್ಲಿ ಮಾಂಟೆಸರಿ ಎಂಬ ಹೆಸರು ದುಬಾರಿ ಶುಲ್ಕದ ಸಂಕೇತವಾಗಿ ನಿಂತಿರುವುದು ಇತಿಹಾಸದ ವಿನೋದವೆನ್ನಬೇಕು.

ಮುಧೋಳ ಜಮಖಂಡಿಗಳ ಸಮಸ್ಯೆ ಬೇರೆ ಬಗೆಯದು. ಕೃಷ್ಣೆ ಘಟಪ್ರಭೆಯರ ನೀರಿನಿಂದ ಕಬ್ಬು ಈ ನೆಲವನ್ನು ಆವರಿಸಿದೆ. ಸರಕಾರದ ದಾರಿ ಕಾಯದೆ ೧೯೮೯ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ರೈತರು ತಮ್ಮ ಹಣ ಶ್ರಮಗಳಿಂದಲೇ ಕಟ್ಟಿಕೊಂಡ ನಾಡು ಇದು. ಸಾರ್ವಜನಿಕ ಕಾರ್ಯಕ್ಕೆ ಇಲ್ಲಿಯ ಜನ ಹಿಂಜರಿಯುವವರೆಂದು ಯಾರೂ ಹೇಳಲಾರರು. ದೀಪಾವಳಿಯ ಸುಮಾರಿಗೆ ಕಾರಖಾನೆಗಳು ನುರಿಸಲು ಆರಂಭಿಸಿದರೆ ಮರಾಠವಾಡದಿಂದಲೂ ಸುತ್ತಲಿನ ಒಣನಾಡಿನಿಂದಲೂ ಕಡಿಯುವ ತಂಡಗಳು ಬಂದಿಳಿಯುತ್ತವೆ. ಗಂಡಹೆಂಡಿರನ್ನು ಕೂಡಿಸಿ ಒಂದು 'ಕೊಯ್ತಾ' ಎಂದು ಎಣಿಸಿ ಮುಂಗಡ ಕೊಡುವ ಪದ್ಧತಿ ಇವರಲ್ಲಿ ಪ್ರಸಿದ್ಧವಾದುದು. ಇಬ್ಬರೂ ಸೇರಿ ಒಂದು ಕುಡುಗೋಲಾದ ಮೇಲೆ ಮೂರನೆಯ ಜೀವಕ್ಕೆ ಲೆಕ್ಕದಲ್ಲಿ ಸ್ಥಾನವಿಲ್ಲ. ಬೆಳಗು ಹರಿಯುವ ಮುನ್ನ ಗದ್ದೆಗೆ ಇಳಿಯುವ ಅವರು ಕೂಸನ್ನು ರವದಿಯ ಮೇಲೆ, ಗಾಡಿಯ ನೆರಳಲ್ಲಿ ಮಲಗಿಸುತ್ತಾರೆ. ಅಂಗನವಾಡಿ ತೆರೆಯುವ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತದೆ. ಕೇಂದ್ರದ ದಾಖಲೆಯಾದರೋ ಆಯಾ ಊರಿನ ಮನೆಮನೆಯ ಸಮೀಕ್ಷೆಯಿಂದ ಮೊದಲಾಗುವಂಥದು; ನಾಲ್ಕೈದು ತಿಂಗಳು ಗುಡಿಸಲಲ್ಲಿದ್ದು ಹೋಗುವವರು ಎರಡೂ ಊರಿನ ಪಟ್ಟಿಯ ನಡುವೆ ಜಾರಿಬೀಳುವುದು ಸುಲಭ. ಮಹಾರಾಷ್ಟ್ರದಲ್ಲಿ ಇಂಥ ವಲಸೆಯ ಮಕ್ಕಳಿಗಾಗಿ 'ಸಾಖರಶಾಳೆ'ಗಳು ನಡೆದದ್ದುಂಟು, ಮುಖ್ಯವಾಗಿ ಶಾಲಾವಯಸ್ಸಿನವರಿಗೆ. ಹಕ್ಕು ಇರುವವರ ಹಿಂದೆ ಶಾಲೆ ನಡೆದುಕೊಂಡು ಹೋಯಿತು. ಹಕ್ಕಿಲ್ಲದ ತಮ್ಮತಂಗಿಯರು ಬಹುಮಟ್ಟಿಗೆ ರವದಿಯ ಮೇಲೆಯೇ ಉಳಿದರು. ೮೬ನೆಯ ತಿದ್ದುಪಡಿ ಎಳೆದ ಗೆರೆಯನ್ನು ಕಣ್ಣಾರೆ ಕಾಣಬೇಕೆಂದವರು ಕಬ್ಬಿನ ಹಂಗಾಮಿನಲ್ಲಿ ಇತ್ತ ಬರಬೇಕು.

ಬೀಳಗಿಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಆಲಮಟ್ಟಿಯ ಹಿನ್ನೀರಿನಿಂದ ನದೀತೀರದ ಊರುಗಳು ಎದ್ದುಹೋಗಿ ಪುನರ್ವಸತಿ ಕೇಂದ್ರಗಳಾದವು. ಹೊಸ ಊರುಗಳಲ್ಲಿ ರಸ್ತೆಗಳು ನೇರ, ನಿವೇಶನಗಳು ಸಮ. ಹಳೆಯ ಓಣಿಯಲ್ಲಿ ನಾಲ್ಕು ಮನೆಗಳ ಅಜ್ಜಿಯರು ಕೂಡಿ ಹತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕಟ್ಟೆಯನ್ನು ಮಾತ್ರ ಯಾವ ನಕಾಶೆಯೂ ತೋರಿಸಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಗಿಡಮರಗಳಿಗೂ ಬೆಲೆಯುಂಟು. ಇಂಥ ಪಾಲನೆಗೆ ಬೆಲೆ ಕಟ್ಟುವ ಕ್ರಮ ನಮಗೆ ಇನ್ನೂ ತಿಳಿದಿಲ್ಲ.

ಮನೆಯೇ ಮೊದಲ ಪಾಠಶಾಲೆ ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಸಾಹಿತ್ಯದ ಅಧ್ಯಾಪಕರಂತೂ ಇದನ್ನು ಪ್ರೀತಿಯಿಂದ ಹೇಳುತ್ತಾರೆ, ಈ ಲೇಖಕನೂ ಹೇಳಿದವನೇ. ಇಲ್ಲಿಂದ ದೂರವಲ್ಲದ ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಕೂಸಿನ ಕುರಿತ ತ್ರಿಪದಿಗಳಿಂದ ತುಂಬಿದೆ. ಶಿಶುವಿಗೆ ಲಯ, ನಾಮಪದ, ಬಂಧುತ್ವ ಇವುಗಳನ್ನು ಕಲಿಸುವ ಅಷ್ಟು ಸಮೃದ್ಧವಾದ ಪಠ್ಯ ಯಾವ ಇಲಾಖೆಯಿಂದಲೂ ಬಂದಿಲ್ಲ. ಆದರೆ ಆ ಹಾಡು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ, ಹೆಂಗಸಿನ ದುಡಿಮೆಯ ಲಯದಲ್ಲಿ. ಬೀಸುಕಲ್ಲು ಹೋಗಿ ಗಿರಣಿ ಬಂತು. ವಿದ್ಯುನ್ಮಗ್ಗದ ಸಪ್ಪಳದಲ್ಲಿ ಜೋಗುಳ ಕೇಳಿಸದು. ಕಬ್ಬು ಕಡಿಯುವವಳ ಎರಡೂ ಕೈಗಳ ಜೊತೆಗೆ ಉಸಿರೂ ಕೆಲಸದಲ್ಲಿಯೇ ತೊಡಗಿರುತ್ತದೆ. ಹೀಗಿರುವಲ್ಲಿ ಮನೆಯೇ ಪಾಠಶಾಲೆ ಎಂದು ಹೇಳಿ ಸುಮ್ಮನಾಗುವುದು, ದುಡಿಮೆಯನ್ನು ತಾಯಿಗೂ ಹೊಣೆಯನ್ನು ಮತ್ತೆ ತಾಯಿಗೇ ಹೊರಿಸಿ ಪುಣ್ಯವನ್ನು ನಾವು ಪಡೆದಂತೆ. ಆ ಹಾಡುಗಳು ಇಂದು ಉಳಿಯಬೇಕಾದರೆ ಅವು ಅಂಗನವಾಡಿಯ ಕೋಣೆಯಲ್ಲಿ, ಅವನ್ನು ಬಲ್ಲ ಸ್ಥಳೀಯ ಹೆಂಗಸಿನ ಬಾಯಲ್ಲಿ ಉಳಿಯಬೇಕು.

ಇನ್ನು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ. ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿಯ ಹಂತವೆಂದು ಪರಿಗಣಿಸಿದ್ದು ಅದರ ಮಹತ್ವದ ಹೆಜ್ಜೆ. ಮೆದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ ೮೫ಕ್ಕೂ ಹೆಚ್ಚು ಆರು ವರ್ಷದೊಳಗೆ ಆಗುತ್ತದೆಂದು ಅದು ಒತ್ತಿ ಹೇಳುತ್ತದೆ. ೨೦೩೦ರೊಳಗೆ ಶಿಶುಶಿಕ್ಷಣ ಸಾರ್ವತ್ರಿಕವಾಗಬೇಕೆಂದು ಗಡುವನ್ನೂ ಇಡುತ್ತದೆ. ಇಷ್ಟು ಬಲವಾದ ಪ್ರಮೇಯದಿಂದ ಹೊರಟ ಗ್ರಂಥ ತಲಪುವ ನಿರ್ಣಯ ಮಾತ್ರ ಕೃಶವಾದುದು. ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಪ್ರಮಾಣಪತ್ರ, ಅದಕ್ಕಿಂತ ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ. ಅದೂ ದೂರಶಿಕ್ಷಣದ ಮೂಲಕ, ಇರುವ ಕೆಲಸದ ನಡುವೆಯೇ. ಶೇಕಡಾ ೮೫ರ ಹೊಣೆ ಹೊತ್ತವಳಿಗೆ ಕೇಂದ್ರ ಸರಕಾರ ತನ್ನ ಪಾಲಾಗಿ ಕೊಡುವ 'ಗೌರವಧನ'ವನ್ನು ೨೦೧೮ರ ಅಕ್ಟೋಬರದಲ್ಲಿ ತಿಂಗಳಿಗೆ ೩,೦೦೦ದಿಂದ ೪,೫೦೦ ರೂಪಾಯಿಗೆ ಏರಿಸಿತು. ರಾಜ್ಯಗಳು ತಮ್ಮ ಪಾಲನ್ನು ಕೂಡಿಸುತ್ತವೆ. ವೇತನವೆಂದರೆ ನೌಕರಿಯಾಗುತ್ತದೆ, ನೌಕರಿಯೆಂದರೆ ಹೊಣೆ ಬರುತ್ತದೆ, ಆದುದರಿಂದ ಗೌರವ.

ಈ ಶಬ್ದದ ಕತೆ ನ್ಯಾಯಾಲಯಕ್ಕೂ ಹೋಗಿದೆ, ಅದೂ ನಮ್ಮ ರಾಜ್ಯದಿಂದಲೇ. ಕರ್ನಾಟಕ ರಾಜ್ಯ ವಿರುದ್ಧ ಅಮೀರಬಿ ಪ್ರಕರಣದಲ್ಲಿ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು ತೀರ್ಮಾನಿಸಿತು. ೨೦೨೨ರ ಏಪ್ರಿಲದಲ್ಲಿ ಗುಜರಾತಿನ ಮಣಿಬೆನ್ ಭಾರಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅವರಿಗೆ ೧೯೭೨ರ ಕಾಯಿದೆಯಂತೆ ಉಪದಾನ ಸಲ್ಲುವುದೆಂದಿತು. ಆ ನಿರ್ಣಯಕ್ಕೆ ಆಧಾರವಾದ ವಾದಗಳಲ್ಲಿ ಒಂದು ಗಮನಾರ್ಹ: ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣ ನಡೆಯುತ್ತದೆ, ಅದು ಶಿಕ್ಷಣ ಹಕ್ಕು ಕಾಯಿದೆಯ ೧೧ನೆಯ ಪ್ರಕರಣದ ಕಾರ್ಯವೇ ಆಗಿದೆ ಎಂಬುದು. 'ಮಾಡಬಹುದು' ಎಂಬ ಮೆತ್ತನೆಯ ಕ್ರಿಯಾಪದದಿಂದಲೂ ನ್ಯಾಯಮೂರ್ತಿಗಳು ಗಟ್ಟಿಯಾದ ಫಲವೊಂದನ್ನು ಹಿಂಡಿದರು. ಅವಳ ಕೆಲಸವನ್ನು ಶಿಕ್ಷಣವೆಂದು ಉಪದಾನದ ಲೆಕ್ಕ ನೋಡಿದ ನ್ಯಾಯಾಧೀಶರೂ ಗುರುತಿಸಿದರು ಎಂಬುದನ್ನು ನಮ್ಮ ವಿಭಾಗಗಳು ಗಮನಿಸಬೇಕಾಗಿದೆ.

ಇದರ ಬೆನ್ನಿಗೇ ೨೦೨೪ರ ವಿವಾದ ತಲೆದೋರಿತು. ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಯುಕೆಜಿಗಳನ್ನು ತೆರೆಯುವ ಕ್ರಮ ಹೊರಬೀಳುತ್ತಲೆ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ಜುಲೈದಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ 'ಸರಕಾರಿ ಮಾಂಟೆಸರಿ' ಎಂಬ ನಾಮಕರಣವಾಯಿತು. ನಮ್ಮ ನಾಲ್ಕು ತಾಲೂಕುಗಳು ಆ ಪ್ರದೇಶದ ಹೊರಗಿನವಾದರೂ ಪ್ರಶ್ನೆ ಇಲ್ಲಿಯದೂ ಹೌದು. ಶಾಲೆಯಲ್ಲಿಯೇ ಶಿಶುತರಗತಿ ಇರಲೆಂಬವರ ವಾದಕ್ಕೆ ತೂಕವಿದೆ. ತಂದೆತಾಯಿಗಳು ಸಾಲಮಾಡಿ ಖಾಸಗಿ ಎಲ್‌ಕೆಜಿಗೆ ಕಳಿಸುತ್ತಾರೆ. ಒಮ್ಮೆ ಅಲ್ಲಿಗೆ ಹೋದ ಮಗು ಒಂದನೆಯ ಇಯತ್ತೆಗೆ ಸರಕಾರಿ ಶಾಲೆಗೆ ಮರಳುವುದು ಅಪರೂಪ. ಆಗ ಕನ್ನಡ ಶಾಲೆ ಬರಿದಾಗುತ್ತದೆ. ಇದನ್ನು ತಳ್ಳಿಹಾಕಲಾಗದು. ಆದರೆ ಆ ವಾದ ಶಾಲೆಯ ಅಳಿವು ಉಳಿವಿನಿಂದ ಹೊರಡುತ್ತದೆ, ಮಗುವಿನ ವಯಸ್ಸಿನಿಂದಲ್ಲ. ಶಾಲೆಯನ್ನು ಕೆಳಕ್ಕೆ ಎಳೆದಾಗ ಅದರ ಬೆಂಚು, ಗಂಟೆ, ಪರೀಕ್ಷೆಗಳೂ ಜೊತೆಗೆ ಇಳಿದುಬರುತ್ತವೆ. ಈ ಹಂತದಲ್ಲಿ ಓದುಬರಹಲೆಕ್ಕಗಳ ವಿಧ್ಯುಕ್ತ ಬೋಧನೆ ಸಲ್ಲದೆಂದು ೧೯೮೬ರ ನೀತಿಯೇ ಹೇಳಿತ್ತು. ಒಂದನೆಯ ಇಯತ್ತೆಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಜಾರಿಗೆ ಬರಬೇಕಾಗಿದ್ದ ೨೦೨೫-೨೬ರಲ್ಲಿ, ಪಾಲಕರ ಒತ್ತಾಯಕ್ಕೆ ಮಣಿದು ಐದು ವರ್ಷ ಐದು ತಿಂಗಳಿಗೆ ರಿಯಾಯಿತಿ ಕೊಡಬೇಕಾಯಿತು. ಮಕ್ಕಳು ಯುಕೆಜಿ 'ಮುಗಿಸಿ'ಬಿಟ್ಟಿದ್ದರು. ಐದು ವರ್ಷದ ಕೂಸು ಏನನ್ನು ಮುಗಿಸಿತೆಂದು ಯಾರೂ ಕೇಳಲಿಲ್ಲ. ಇದಕ್ಕೂ ಮಿಗಿಲಾಗಿ, ಮೂರು ದಾಟಿದವರು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಆಹಾರದ ಪೊಟ್ಟಣ ಮಾತ್ರ. ಮೂರರ ಒಳಗಿನವರಿಗೆ ಯಾರು? ಕಂಡಿಕೆ ಸುತ್ತುವವಳ ಕಷ್ಟ ಆ ವಯಸ್ಸಿನಲ್ಲಿಯೇ ಹೆಚ್ಚು.

ನುಡಿಯ ಪ್ರಶ್ನೆಯೂ ಇದರಲ್ಲಿ ಹೆಣೆದುಕೊಂಡಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಹೇರಲಾಗದೆಂದು ೨೦೧೪ರ ಮೇ ತಿಂಗಳ ತೀರ್ಪು ಹೇಳಿದ ಮೇಲೆ ಇಂಗ್ಲಿಷಿನ ಎಳೆತ ಶಿಶುತರಗತಿಯವರೆಗೆ ಬಂದಿದೆ. ಬನಹಟ್ಟಿಯ ಕೂಸಿಗೆ 'ಲಾಳಿ', 'ಹಾಸು', 'ಹೊಕ್ಕು' ಎಂಬ ಶಬ್ದಗಳು ಎರಡನೆಯ ವರ್ಷಕ್ಕೇ ಬರುತ್ತವೆ. ಕಬ್ಬಿನ ಗುಡಿಸಲಿನ ಕೂಸು ಮರಾಠಿಯನ್ನೋ ಲಂಬಾಣಿಯನ್ನೋ ಆಡುತ್ತದೆ. ಇವೆರಡಕ್ಕೂ ಒಂದೇ ಇಂಗ್ಲಿಷ್ ಪ್ರಾಸಪದ್ಯವನ್ನು ಕಂಠಪಾಠ ಮಾಡಿಸುವುದನ್ನು ಸಮಾನತೆಯೆಂದು ಕರೆಯುವವರಿದ್ದಾರೆ. ರಾಜ್ಯದ ಅಂಗನವಾಡಿಗಳಿಗಾಗಿ ಸಿದ್ಧವಾದ 'ಚಿಲಿಪಿಲಿ' ಪಠ್ಯಕ್ರಮ ಚಟುವಟಿಕೆಯನ್ನು ಆಧರಿಸಿದ್ದು, ಕನ್ನಡದಲ್ಲಿ ಯೋಚಿಸಿದ್ದು. ಅದರ ದೋಷವೆಂದರೆ ಅದನ್ನು ನಡೆಸಲು ಬೇಕಾದ ಎರಡನೆಯ ಕೈ ಕೇಂದ್ರದಲ್ಲಿ ಇಲ್ಲದಿರುವುದು. ಒಬ್ಬ ಕಾರ್ಯಕರ್ತೆ ಕತೆ ಹೇಳುತ್ತಿರುವಾಗ ಮೊಬೈಲಿನಲ್ಲಿ ಮಕ್ಕಳ ತೂಕವನ್ನೂ ತುಂಬಬೇಕು, ಸಹಾಯಕಿ ಒಲೆಯ ಮುಂದೆ ಇರುತ್ತಾಳೆ.

ಹೀಗಾಗಿ ಈ ಲೇಖಕನ ಅಭಿಪ್ರಾಯದಲ್ಲಿ ಹುಟ್ಟಿನಿಂದ ಆರರವರೆಗಿನ ಸಂಸ್ಥೆ ಅಂಗನವಾಡಿಯೇ ಆಗಬೇಕು. ಅಲ್ಲಿಗೆ ಶಿಕ್ಷಣಕ್ಕೆಂದೇ ತರಬೇತಾದ ಎರಡನೆಯ ಶಿಕ್ಷಕಿ ಬರಬೇಕು. ಅದರ ವೇಳೆಯನ್ನು ಆಯಾ ಊರಿನ ದುಡಿಮೆ ನಿರ್ಣಯಿಸಬೇಕು. ಮುಧೋಳದಲ್ಲಿ ಅದು ನವೆಂಬರದಿಂದ ಮಾರ್ಚದವರೆಗೆ ನಸುಕಿನಲ್ಲಿ ತೆರೆಯಬೇಕಾದೀತು, ರಬಕವಿಯಲ್ಲಿ ದೀಪ ಹಚ್ಚುವವರೆಗೆ. ಇದಕ್ಕೆ ವೆಚ್ಚವಾಗುತ್ತದೆ, ಆಗಲೇಬೇಕು. ಫ್ರಾನ್ಸ್ ೨೦೧೯ರಿಂದ ಮೂರು ವರ್ಷಕ್ಕೇ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಆ ಕಡ್ಡಾಯ ನಮಗೆ ಬೇಕೆಂದು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ನಮ್ಮಲ್ಲಿ ಕಡ್ಡಾಯದ ದಂಡ ಬಡ ತಾಯಿಯ ಮೇಲೆಯೇ ಬೀಳುವ ಭಯವಿದೆ. ಕಡ್ಡಾಯ ಸರಕಾರಕ್ಕಿರಲಿ. ೨೦೧೫ರಲ್ಲಿ ಕಾನೂನು ಆಯೋಗವು ತನ್ನ ೨೫೯ನೆಯ ವರದಿಯಲ್ಲಿ ಇದನ್ನೇ ಸೂಚಿಸಿತು: ಆರರೊಳಗಿನ ಪ್ರತಿಯೊಂದು ಮಗುವಿಗೂ ಪಾಲನೆ ಮತ್ತು ನೆರವಿನ ಮೂಲಭೂತ ಹಕ್ಕನ್ನು ೨೪-ಎ ಎಂಬ ಅನುಚ್ಛೇದವಾಗಿ ಸೇರಿಸಬೇಕೆಂದು. ಆ ಅನುಚ್ಛೇದ ಸಂವಿಧಾನವನ್ನು ಸೇರಿಲ್ಲ. ವರದಿ ಬಂದ ವರ್ಷ ಹುಟ್ಟಿದ ಮಕ್ಕಳು ೨೦೨೧ರಲ್ಲಿಯೇ ಆರನ್ನು ದಾಟಿದರು.